ಮಷಿನ್ ಕೈಕೊಡುವ ಮೊದಲೇ ಲಾಗ್ ಹೊರಗೆ ಬಂದಿರಲಿ: ಯುನಿಕ್ಸ್ ಲಾಗ್‌ಗಳನ್ನು ಒಂದೇ ಸರ್ವರ್‌ಗೆ ಕಳಿಸುವ ಕ್ರಮ

ಮಷಿನ್ ಕೈಕೊಟ್ಟ ದಿನ ಎಲ್ಲಕ್ಕಿಂತ ಮೊದಲು ಬೇಕಾಗುವುದು ಅದರ ಲಾಗ್, ಅಂದರೆ ತನ್ನೊಳಗೆ ನಡೆದದ್ದನ್ನು ಮಷಿನ್ ಸಾಲುಸಾಲಾಗಿ ಬರೆದಿಡುವ ದಾಖಲೆ. ಆ ಲಾಗ್ ಇರುವುದೋ, ಕೈಕೊಟ್ಟ ಅದೇ ಮಷಿನ್‌ನ ಡಿಸ್ಕ್‌ನಲ್ಲಿ. ಡಿಸ್ಕ್ ಹೋದರೆ ಲಾಗೂ ಹೋಯಿತು. ಯಾರಾದರೂ ಒಳಗೆ ನುಗ್ಗಿ ರೂಟ್ (ಪೂರ್ಣ ಅಧಿಕಾರದ ಖಾತೆ) ಹಿಡಿದಿದ್ದರೆ ತಾವು ಬಂದುಹೋದ ಗುರುತಿರುವ ಸಾಲುಗಳನ್ನು ಅಳಿಸಿಯೇ ಹೋಗುತ್ತಾರೆ. ಹಾಗಾಗಿ ಲಾಗ್ ಹುಟ್ಟಿದ ಕ್ಷಣದಲ್ಲೇ ಅದರ ಒಂದು ಪ್ರತಿ ಬೇರೊಂದು ಮಷಿನ್ ಸೇರಿಬಿಡಬೇಕು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಕಚೇರಿಯಲ್ಲಿ ಮೂಲೆಗೆ ಸೇರಿರುವ ಒಂದು ಹಳೆಯ ಡೆಸ್ಕ್‌ಟಾಪ್, ಅದಕ್ಕೊಂದು ಒಳ್ಳೆಯ ಡಿಸ್ಕ್, ಒಂದು ಮಧ್ಯಾಹ್ನದ ಬಿಡುವು ಸಾಕು.

ಕಾನೂನಿನ ಮಾತೂ ಇದೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಎಲ್ಲ ಐಸಿಟಿ (ಕಂಪ್ಯೂಟರ್ ಮತ್ತು ಸಂವಹನ) ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ, ಭಾರತದ ವ್ಯಾಪ್ತಿಯೊಳಗೆ ಇಟ್ಟುಕೊಳ್ಳಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಆ 6 ಗಂಟೆಯಲ್ಲಿ ಒಂದೊಂದೇ ಮಷಿನ್‌ಗೆ ಲಾಗಿನ್ ಆಗಿ ಹುಡುಕುತ್ತಾ ಕೂರುವುದು ಆಗದ ಮಾತು.

ಉದಾಹರಣೆಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯನ್ನು ಇಟ್ಟುಕೊಳ್ಳೋಣ. ಜಯನಗರದ ಕಚೇರಿಯಲ್ಲಿ ಒಂದು ಉಬುಂಟು ಫೈಲ್ ಸರ್ವರ್, ಪೀಣ್ಯದ ಘಟಕದಲ್ಲಿ ಎರಡು ಡೆಬಿಯನ್ ಮಷಿನ್ ಮತ್ತು ಒಂದು ಫ್ರೀಬಿಎಸ್‌ಡಿ ಫೈರ್‌ವಾಲ್, ಕ್ಲೌಡ್‌ನಲ್ಲಿ ಎರಡು ವೆಬ್ ಸರ್ವರ್. (ಉಬುಂಟು, ಡೆಬಿಯನ್ ಎರಡೂ ಲಿನಕ್ಸ್‌ನ ಬಗೆಗಳು; ಫ್ರೀಬಿಎಸ್‌ಡಿ ಯುನಿಕ್ಸ್ ಬಳಗದ ಇನ್ನೊಂದು.) ಲಾಗ್ ಸರ್ವರ್ ಜಯನಗರದಲ್ಲೇ ಇರುತ್ತದೆ, ಅದರ ವಿಳಾಸ 192.168.10.20. ಬಳಸುವ ತಂತ್ರಾಂಶ ಆರ್‌ಸಿಸ್‌ಲಾಗ್, ಲಾಗ್ ಸಾಲುಗಳನ್ನು ಬರೆಯುವುದು, ಕಳಿಸುವುದು, ಪಡೆಯುವುದು ಎಲ್ಲ ಅದರದೇ ಕೆಲಸ. ಆದೇಶಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಿ, ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ.

ಒಂದು ಸಾಲಿನಲ್ಲಿ ಏನೇನಿದೆ

ಯುನಿಕ್ಸ್‌ನಲ್ಲಿ ಲಾಗ್ ಬರೆಯುವ, ಕಳಿಸುವ ಪದ್ಧತಿಗೆ ಸಿಸ್‌ಲಾಗ್ ಎಂದು ಹೆಸರು, ಆರ್‌ಸಿಸ್‌ಲಾಗ್ ಪಾಲಿಸುವುದೂ ಅದನ್ನೇ. ಅದು 1980ರ ದಶಕದ್ದು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಅದನ್ನು ಸೆಂಡ್‌ಮೇಲ್ ಎಂಬ ಮೇಲ್ ತಂತ್ರಾಂಶಕ್ಕಾಗಿ ಬರೆದರು. ಆ ಕಾಲದ ಗುರುತುಗಳು ಇಂದಿಗೂ ಅದರಲ್ಲಿ ಉಳಿದಿವೆ. ನೆಟ್‌ವರ್ಕ್ ಮೇಲೆ ಹೋಗುವ ಒಂದು ಸಾಲು ಹೀಗಿರುತ್ತದೆ:

<38>ಮಾರ್ಚ್ 14 02:17:09 ವೆಬ್-1 ಎಸ್‌ಎಸ್‌ಎಚ್‌ಡಿ[2211]: ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್

ವೆಬ್-1 ಎಂಬ ಮಷಿನ್‌ಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಯಾರೋ ರೂಟ್ ಹೆಸರಿನಲ್ಲಿ ತಪ್ಪು ಪಾಸ್‌ವರ್ಡ್ ಕೊಟ್ಟರು ಎಂದು ಇದರ ಅರ್ಥ. ಮೊದಲಿನ 38ರಲ್ಲಿ ಎರಡು ಸಂಗತಿ ಅಡಗಿವೆ. ಯಾವ ವಿಭಾಗದಿಂದ ಬಂತು ಎನ್ನುವ ಫೆಸಿಲಿಟಿ, ಎಷ್ಟು ಗಂಭೀರ ಎನ್ನುವ ಸೆವೆರಿಟಿ. ಫೆಸಿಲಿಟಿಯನ್ನು 8ರಿಂದ ಗುಣಿಸಿ ಸೆವೆರಿಟಿ ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. ಲಾಗಿನ್‌ಗೆ ಸಂಬಂಧಿಸಿದ ಆಥ್ ವಿಭಾಗ 4, ಬರೀ ಮಾಹಿತಿ ಎನ್ನುವ ಇನ್ಫೋ ಮಟ್ಟ 6; 4 × 8 + 6 = 38. ರೆಡ್ ಹ್ಯಾಟ್ ಲಿನಕ್ಸ್ ಮಷಿನ್‌ಗಳಲ್ಲಿ ಎಸ್‌ಎಸ್‌ಎಚ್ ಲಾಗ್ ಆಥ್‌ಪ್ರೈವ್ ವಿಭಾಗಕ್ಕೆ, ಅಂದರೆ 10ಕ್ಕೆ ಹೋಗುವುದರಿಂದ ಇದೇ ಸಾಲು ಅಲ್ಲಿಂದ 86 ಆಗಿ ಬರುತ್ತದೆ. ಸೆವೆರಿಟಿಯಲ್ಲಿ 0 ಅತಿ ಗಂಭೀರ, 7 ಬರೀ ಡೀಬಗ್. ರೂಟ್ ಪಾಸ್‌ವರ್ಡ್ ಊಹಿಸುವ ಪ್ರಯತ್ನ ದಾಖಲಾಗುವುದು 6ರಲ್ಲಿ ಎನ್ನುವುದನ್ನು ನೆನಪಿಡಿ. ‘ಎರರ್‌ಗಿಂತ ಕೆಳಗಿನದು ಬೇಡ, ಜಾಗ ಉಳಿಯುತ್ತದೆ’ ಎಂದು ಫಿಲ್ಟರ್ ಹಾಕಿದರೆ ಬೇಕಾದ ಸಾಲೇ ಕಳೆದುಹೋಗುತ್ತದೆ. ಎಲ್ಲವನ್ನೂ ಕಳಿಸಿ, ಸೋಸುವುದು ಸರ್ವರ್‌ನಲ್ಲಿ ಆಗಲಿ.

ಈಗ ಸಮಯ ನೋಡಿ. ಇಸವಿ ಇಲ್ಲ, ಟೈಮ್‌ಜೋನ್ ಇಲ್ಲ. ಕ್ಲೌಡ್ ಮಷಿನ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಓಡುತ್ತವೆ. ಹಾಗಿದ್ದರೆ ಈ 02:17 ನಮ್ಮ ಬೆಳಗಿನ 7:47. ಪೀಣ್ಯದ ಮಷಿನ್ ಭಾರತೀಯ ಸಮಯದಲ್ಲಿದ್ದರೆ ಅದರ 02:17 ನಡುರಾತ್ರಿಯದೇ. ಎರಡೂ ಒಂದೇ ಕಡೆ ಬಂದು ಬಿದ್ದಾಗ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವುದಕ್ಕೇ ಆಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಗಡಿಯಾರ

ಆದ್ದರಿಂದ ಲಾಗ್ ಮುಟ್ಟುವ ಮುನ್ನ ಪ್ರತಿ ಮಷಿನ್‌ನಲ್ಲೂ ಗಡಿಯಾರವನ್ನು ಸಮಯದ ಸರ್ವರ್‌ಗೆ ಹೊಂದಿಸುವ ಕ್ರೋನಿ ಹಾಕಿ. ಸರ್ಟ್-ಇನ್ ನಿರ್ದೇಶನ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ಗಡಿಯಾರ ಕೂಡಿಸಲು ಹೇಳುತ್ತದೆ. ಎನ್‌ಐಸಿಯ ಸರ್ವರ್‌ಗಳು ಸಮಯ್1.ಎನ್‌ಐಸಿ.ಇನ್ ಮತ್ತು ಸಮಯ್2.ಎನ್‌ಐಸಿ.ಇನ್. ‘ಕ್ರೋನಿಸಿ ಟ್ರ್ಯಾಕಿಂಗ್’ ಕೊಟ್ಟರೆ ಎಷ್ಟು ವ್ಯತ್ಯಾಸ ಇದೆ ಎಂದು ಗೊತ್ತಾಗುತ್ತದೆ. ಎಲ್ಲ ಮಷಿನ್‌ಗಳನ್ನೂ ಒಂದೇ ಟೈಮ್‌ಜೋನ್‌ಗೆ ತರಲೇಬೇಕೆಂದಿಲ್ಲ. ಸಮಯದ ಜೊತೆಗೆ +05:30 ಅಥವಾ +00:00 ಬರೆದು ಕಳಿಸುವಂತೆ ಮಾಡಿದರೆ ಸಾಕು. ಅದು ಹೇಗೆ ಎನ್ನುವುದು ಮುಂದೆ ಬರುತ್ತದೆ.

ಲಾಗ್ ಸರ್ವರ್ ಸಿದ್ಧಪಡಿಸುವುದು

ಡೆಬಿಯನ್ 12ರಿಂದ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ವ್ಯವಸ್ಥೆಯದೇ ಲಾಗ್ ಸಂಗ್ರಹವಾದ ಜರ್ನಲ್ ಮಾತ್ರ ಇರುತ್ತದೆ. ‘ಆ್ಯಪ್ಟ್ ಇನ್‌ಸ್ಟಾಲ್ ಆರ್‌ಸಿಸ್‌ಲಾಗ್’ ಎಂದು ನೀವೇ ಹಾಕಿಕೊಳ್ಳಿ. ಮುಖ್ಯ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಮುಟ್ಟಬೇಡಿ. /ಇಟಿಸಿ/ಆರ್‌ಸಿಸ್‌ಲಾಗ್.ಡಿ ಫೋಲ್ಡರ್‌ನಲ್ಲಿ ನಿಮ್ಮದೇ ಒಂದು ಹೊಸ ಫೈಲ್ ಮಾಡಿ, ಅದರ ಹೆಸರು ಡಾಟ್ ಕಾನ್ಫ್ ಎಂದು ಮುಗಿಯಬೇಕು.

ಆ ಫೈಲ್‌ನಲ್ಲಿ ನಾಲ್ಕು ತುಂಡುಗಳಿರುತ್ತವೆ. ಟಿಸಿಪಿ (ಸಂಪರ್ಕ ಕೂಡಿಸಿಕೊಂಡು ಕಳಿಸುವ ನೆಟ್‌ವರ್ಕ್ ವಿಧಾನ) ಮೂಲಕ ಕೇಳಿಸಿಕೊಳ್ಳುವ ‘ಐಎಂಟಿಸಿಪಿ’ ಮಾಡ್ಯೂಲ್ ಲೋಡ್ ಮಾಡುವುದು ಒಂದು. ಫೈಲ್ ಎಲ್ಲಿ ಬೀಳಬೇಕು ಎಂದು ಹೇಳುವ ಟೆಂಪ್ಲೇಟ್ ಎರಡನೆಯದು. ಆ ಟೆಂಪ್ಲೇಟ್ ಬಳಸಿ ‘ಓಎಂಫೈಲ್’ ಮೂಲಕ ಬರೆಯುವ ಒಂದು ರೂಲ್‌ಸೆಟ್ (ನಿಯಮಗಳ ಗುಂಪು) ಮೂರನೆಯದು, ಅದಕ್ಕೆ ‘ರಿಮೋಟ್’ ಎಂದು ಹೆಸರಿಡಿ. ಕೊನೆಗೆ, ಪೋರ್ಟ್ 514ರಲ್ಲಿ (ಪೋರ್ಟ್ ಎಂದರೆ ನೆಟ್‌ವರ್ಕ್ ಬಾಗಿಲಿನ ನಂಬರ್) ಬಂದದ್ದನ್ನೆಲ್ಲ ಆ ರಿಮೋಟ್ ರೂಲ್‌ಸೆಟ್‌ಗೇ ಒಪ್ಪಿಸುವ ಇನ್‌ಪುಟ್ ಸಾಲು. ಬೇರೆ ರೂಲ್‌ಸೆಟ್ ಯಾಕೆ ಎಂದರೆ, ಅದಿಲ್ಲದಿದ್ದರೆ ಹೊರಗಿನಿಂದ ಬಂದ ಸಾಲುಗಳು ಸರ್ವರ್‌ನ ಸ್ವಂತ ಲಾಗ್ ಜೊತೆ ಬೆರೆತುಹೋಗುತ್ತವೆ. ಇನ್ನೂ ಒಂದು ಅಪಾಯವಿದೆ: ಸರ್ವರ್‌ನಲ್ಲೂ ‘ಎಲ್ಲವನ್ನೂ 192.168.10.20ಕ್ಕೆ ಕಳಿಸು’ ಎಂಬ ಸಾಲು ಹೇಗೋ ಸೇರಿಕೊಂಡರೆ ಅದು ತನಗೆ ತಾನೇ ಕಳಿಸಿಕೊಳ್ಳುತ್ತಾ ಸುತ್ತು ಹೊಡೆದು ಡಿಸ್ಕ್ ತುಂಬಿಸುತ್ತದೆ.

ಟೆಂಪ್ಲೇಟ್‌ನಲ್ಲಿ ದಾರಿಯನ್ನು /ವಾರ್/ಲಾಗ್/ರಿಮೋಟ್ ಕೆಳಗೆ ಮಷಿನ್‌ಗೊಂದು ಫೋಲ್ಡರ್, ದಿನಕ್ಕೊಂದು ಫೈಲ್ ಎಂದು ಕೊಡಿ. ಫೋಲ್ಡರ್ ಹೆಸರಿಗೆ ‘ಹೋಸ್ಟ್‌ನೇಮ್’ ಬಳಸುವವರು ಬಹಳ. ನನ್ನ ಸಲಹೆ ‘ಫ್ರಮ್‌ಹೋಸ್ಟ್-ಐಪಿ’. ಹೋಸ್ಟ್‌ನೇಮ್ ಎನ್ನುವುದು ಕಳಿಸುವ ಮಷಿನ್ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು. ನುಗ್ಗಿದವರು ಅಲ್ಲಿ ಬೇರೆ ಮಷಿನ್‌ನ ಹೆಸರು ಹಾಕಿ ಸುಳ್ಳು ಸಾಲುಗಳನ್ನು ತೂರಿಸಬಹುದು. ಐಪಿ (ನೆಟ್‌ವರ್ಕ್ ವಿಳಾಸ) ಆದರೆ ಸಂಪರ್ಕ ನಿಜವಾಗಿ ಎಲ್ಲಿಂದ ಬಂತೋ ಅದು. ಓದಲು ಸ್ವಲ್ಪ ಕಷ್ಟ, ಆದರೆ ಯಾವ ಐಪಿ ಯಾವ ಮಷಿನ್ ಎಂದು ಒಂದು ಪಟ್ಟಿ ಗೋಡೆಗೆ ಅಂಟಿಸಿಕೊಂಡರೆ ಮುಗಿಯಿತು.

ಬರೆಯುವ ಆ್ಯಕ್ಷನ್‌ಗೆ ‘ಆರ್‌ಸಿಸ್‌ಲಾಗ್_ಫೈಲ್‌ಫಾರ್ಮ್ಯಾಟ್’ ಎಂಬ ಸಿದ್ಧ ಟೆಂಪ್ಲೇಟ್ ಹೆಸರು ಕೊಡಿ. ಇದರಿಂದ ಇಸವಿ, ಟೈಮ್‌ಜೋನ್ ಸಮೇತ ಪೂರ್ಣ ಸಮಯ ಫೈಲ್‌ನಲ್ಲಿ ಉಳಿಯುತ್ತದೆ. ಈ ಹೆಸರಿನಲ್ಲಿ ಅಕ್ಷರ ತಪ್ಪಬಾರದು: ಆರ್‌ಸಿಸ್‌ಲಾಗ್ ಭಾಗ ಪೂರ್ತಿ ದೊಡ್ಡಕ್ಷರ, ಆಮೇಲೆ ಅಂಡರ್‌ಸ್ಕೋರ್, ಫೈಲ್ ಮತ್ತು ಫಾರ್ಮ್ಯಾಟ್ ಎರಡಕ್ಕೂ ಮೊದಲಕ್ಷರ ಮಾತ್ರ ದೊಡ್ಡದು. ಫೈಲ್ ಅನುಮತಿ 0640, ಫೋಲ್ಡರ್‌ಗೆ 0750 ಇರಲಿ. ಅವಸರದಲ್ಲಿ ಯೂಸರ್‌ನೇಮ್ ಕೇಳಿದ ಕಡೆ ಪಾಸ್‌ವರ್ಡ್ ಟೈಪ್ ಮಾಡುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ, ‘ಇನ್‌ವ್ಯಾಲಿಡ್ ಯೂಸರ್’ ಎಂಬ ಸಾಲಿನಲ್ಲಿ ಅದು ಹಾಗೇ ದಾಖಲಾಗುತ್ತದೆ. ಎಲ್ಲರೂ ಓದುವಂತೆ ಇಡುವ ಫೈಲ್ ಇದಲ್ಲ.

ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ರೂಟ್ ಆಗಿ ಓಡದೆ ‘ಸಿಸ್‌ಲಾಗ್’ ಎಂಬ ಬಳಕೆದಾರನಾಗಿ ಓಡುತ್ತದೆ. ಹಾಗಾಗಿ ರಿಮೋಟ್ ಫೋಲ್ಡರ್ ಮಾಡಿ, ಅದರ ಒಡೆತನವನ್ನು ‘ಚೌನ್ ಸಿಸ್‌ಲಾಗ್:ಎಡಿಎಂ’ ಎಂದು ಬದಲಿಸಿ. ಇದನ್ನು ಬಿಟ್ಟರೆ ಪೋರ್ಟ್ ತೆರೆದಿರುತ್ತದೆ, ಸಂಪರ್ಕವೂ ಬರುತ್ತದೆ, ಫೈಲ್ ಮಾತ್ರ ಹುಟ್ಟುವುದಿಲ್ಲ. ರೆಡ್ ಹ್ಯಾಟ್ ಬಳಗದಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ಅಡ್ಡ ಬರುತ್ತದೆ. 514 ಬಿಟ್ಟು 30514ರಂಥ ಬೇರೆ ಪೋರ್ಟ್ ಇಟ್ಟರೆ ‘ಸೆಮ್ಯಾನೇಜ್ ಪೋರ್ಟ್’ ಆದೇಶದಿಂದ ಅದಕ್ಕೆ ‘ಸಿಸ್‌ಲಾಗ್‌ಡಿ_ಪೋರ್ಟ್_ಟಿ’ ಗುರುತು ಹಾಕಬೇಕು. ಎಸ್‌ಇಲಿನಕ್ಸನ್ನೇ ಆಫ್ ಮಾಡುವುದು ದಾರಿಯಲ್ಲ.

‘ಆರ್‌ಸಿಸ್‌ಲಾಗ್‌ಡಿ -N1’ ಎಂದು ಕೊಟ್ಟರೆ ಕಾನ್ಫಿಗ್‌ನಲ್ಲಿ ತಪ್ಪಿದ್ದರೆ ತೋರಿಸುತ್ತದೆ. ಸರಿಯಿದ್ದರೆ ರೀಸ್ಟಾರ್ಟ್ ಮಾಡಿ, ‘ಎಸ್‌ಎಸ್’ ಆದೇಶದಿಂದ 514 ತೆರೆದಿದೆಯೇ ನೋಡಿ. ಫೈರ್‌ವಾಲ್‌ನಲ್ಲಿ ನಿಮ್ಮ ಮಷಿನ್‌ಗಳ ಐಪಿಗಳಿಗೆ ಮಾತ್ರ ಆ ಪೋರ್ಟ್ ಬಿಡಿ. ಇಂಟರ್ನೆಟ್‌ಗೆ ತೆರೆದಿಟ್ಟ 514ಕ್ಕೆ ಯಾರು ಬೇಕಾದರೂ ಕಸ ತುಂಬಬಹುದು.

ಕಳಿಸುವ ಮಷಿನ್‌ಗಳು

ಅತಿ ಚಿಕ್ಕ ರೂಪ ಒಂದೇ ಸಾಲು:

*.* @@192.168.10.20:514

ಎಡಗಡೆಯ ನಕ್ಷತ್ರಗಳು ಎಲ್ಲ ಫೆಸಿಲಿಟಿ, ಎಲ್ಲ ಸೆವೆರಿಟಿ. ಎರಡು @ ಇದ್ದರೆ ಟಿಸಿಪಿ, ಒಂದೇ @ ಇದ್ದರೆ ಯುಡಿಪಿ. ಈ ಒಂದು ಚಿಹ್ನೆಯ ವ್ಯತ್ಯಾಸ ದೊಡ್ಡದು. ಯುಡಿಪಿಯಲ್ಲಿ ಕಳಿಸಿದ್ದು ತಲುಪಿತೋ ಇಲ್ಲವೋ ಕಳಿಸಿದವರಿಗೆ ತಿಳಿಯುವುದಿಲ್ಲ. ಸರ್ವರ್ ಬಿಡುವಿಲ್ಲದಾಗ ಪ್ಯಾಕೆಟ್‌ಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ, ಲಾಗ್ ಹೆಚ್ಚು ಬರುವುದೂ ತೊಂದರೆಯ ಹೊತ್ತಿನಲ್ಲೇ. ಬೇರೆ ದಾರಿ ಇಲ್ಲದ ಹಳೆಯ ಸ್ವಿಚ್, ರೂಟರ್‌ಗಳಿಗೆ ಮಾತ್ರ ಯುಡಿಪಿ ಇರಲಿ.

ಹಾಗೆಂದು ಬರೀ ಆ ಒಂದು ಸಾಲಿಗೆ ನಿಲ್ಲಿಸಬೇಡಿ. ಲಾಗ್ ಸರ್ವರ್ ಒಂದು ಗಂಟೆ ಬಿದ್ದರೆ ಆ ಹೊತ್ತಿನ ಸಾಲುಗಳು ಎಲ್ಲಿ ಕಾಯಬೇಕು ಎಂದು ಅದರಲ್ಲಿ ಹೇಳಿಲ್ಲ. ‘ಓಎಂಎಫ್‌ಡಬ್ಲ್ಯುಡಿ’ ಆ್ಯಕ್ಷನ್ ಆಗಿ ಬರೆದು, ಟಾರ್ಗೆಟ್, ಪೋರ್ಟ್, ಪ್ರೋಟೊಕಾಲ್ ಜೊತೆಗೆ ಇವನ್ನೂ ಸೇರಿಸಿ (ಕ್ಯೂ ಎಂದರೆ ಕಳಿಸಲು ಕಾಯುವ ಸಾಲುಗಳ ಸರದಿ):

ಟೆಂಪ್ಲೇಟ್="ಆರ್‌ಸಿಸ್‌ಲಾಗ್_ಫಾರ್ವರ್ಡ್‌ಫಾರ್ಮ್ಯಾಟ್"
ಕ್ಯೂ.ಟೈಪ್="ಲಿಂಕ್ಡ್‌ಲಿಸ್ಟ್"
ಕ್ಯೂ.ಫೈಲ್‌ನೇಮ್="ಜಯನಗರ"
ಕ್ಯೂ.ಮ್ಯಾಕ್ಸ್‌ಡಿಸ್ಕ್‌ಸ್ಪೇಸ್="1ಜಿ"
ಕ್ಯೂ.ಸೇವ್‌ಆನ್‌ಶಟ್‌ಡೌನ್="ಆನ್"
ಆ್ಯಕ್ಷನ್.ರೆಸ್ಯೂಮ್‌ರಿಟ್ರೈಕೌಂಟ್="-1"

ಟೆಂಪ್ಲೇಟ್ ಹೆಸರಿಗೆ ಹಿಂದೆ ಹೇಳಿದ ದೊಡ್ಡಕ್ಷರದ ನಿಯಮವೇ. ಟೈಮ್‌ಜೋನ್ ಸೇರಿಸಿ ಕಳಿಸುವುದು ಇದೇ. ಕೊನೆಯ ಸಾಲಿನ -1 ಎಂದರೆ ಸರ್ವರ್ ಸಿಗುವವರೆಗೂ ಬಿಡದೆ ಪ್ರಯತ್ನಿಸು ಎಂದು. ಅದಿಲ್ಲದಿದ್ದರೆ ಮೊದಲ ಸೋಲಿಗೇ ಸಾಲನ್ನು ಕೈಬಿಡುತ್ತದೆ. ಸ್ವಂತ ಕ್ಯೂ ಕೊಡದೆ -1 ಮಾತ್ರ ಹಾಕುವುದು ಇನ್ನೂ ಕೆಟ್ಟದ್ದು: ದೂರದ ಸರ್ವರ್‌ಗಾಗಿ ಕಾಯುತ್ತಾ ಮುಖ್ಯ ಕ್ಯೂ ತುಂಬಿಕೊಂಡು, ಲಾಗ್ ಬರೆಯಲು ಹೋದ ಪ್ರೋಗ್ರಾಮ್‌ಗಳೆಲ್ಲ ನಿಂತು, ಲಾಗಿನ್ ಕೂಡ ತೆವಳಲು ಶುರುವಾಗಬಹುದು. ಕ್ಯೂ ಫೈಲ್ ಹೆಸರು ಒಂದೊಂದು ಆ್ಯಕ್ಷನ್‌ಗೆ ಬೇರೆಬೇರೆ ಇರಬೇಕು.

ಈಗ ಬೆಂಗಳೂರಿನವರು ತಪ್ಪದೆ ಗಮನಿಸಬೇಕಾದ ವಿಷಯ. ಲಿಂಕ್ಡ್‌ಲಿಸ್ಟ್ ಕ್ಯೂ ಮೊದಲು ತುಂಬುವುದು ಮೆಮೊರಿಯಲ್ಲಿ. ಅಲ್ಲಿ ಒಂದು ಮಟ್ಟ ದಾಟಿದ ಮೇಲಷ್ಟೇ ಡಿಸ್ಕ್‌ಗೆ ಇಳಿಯುತ್ತದೆ. ಶಟ್‌ಡೌನ್ ಕ್ರಮವಾಗಿ ಆದರೆ ಉಳಿದದ್ದನ್ನು ಡಿಸ್ಕ್‌ಗೆ ಬರೆದುಕೊಂಡೇ ಮಲಗುತ್ತದೆ. ಆದರೆ ಪೀಣ್ಯದಲ್ಲಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಮುಗಿದು, ಮಷಿನ್ ಧುತ್ತನೆ ಆರಿದರೆ ಮೆಮೊರಿಯಲ್ಲಿ ಕಾಯುತ್ತಿದ್ದದ್ದೆಲ್ಲ ಹೋಯಿತು. ಕರೆಂಟ್ ಹೋದಾಗ ಸಾಮಾನ್ಯವಾಗಿ ಮೊದಲು ಸಾಯುವುದು ಇಂಟರ್ನೆಟ್ ರೂಟರ್, ಆಮೇಲೆ ಸರ್ವರ್. ಅಂದರೆ ಕ್ಯೂ ತುಂಬುತ್ತಿರುವ ಹೊತ್ತಿಗೇ ಮಷಿನ್ ಆರುತ್ತದೆ. ಇಂಥ ಜಾಗಗಳಲ್ಲಿ ಕ್ಯೂ ಟೈಪನ್ನು ‘ಡಿಸ್ಕ್’ ಎಂದೇ ಇಡಿ, ಜೊತೆಗೆ ‘ಕ್ಯೂ.ಚೆಕ್‌ಪಾಯಿಂಟ್‌ಇಂಟರ್ವಲ್’ 10 ಎಂದು ಕೊಡಿ. ಇದರ ಮೂಲ ಬೆಲೆ 0, ಅಂದರೆ ಎಲ್ಲಿಯವರೆಗೆ ಬರೆದಿದೆ ಎಂಬ ಲೆಕ್ಕವನ್ನು ಶಟ್‌ಡೌನ್‌ವರೆಗೂ ಬರೆದಿಡುವುದಿಲ್ಲ. ಡಿಸ್ಕ್ ಕ್ಯೂ ನಿಧಾನ ಎನ್ನುವುದು ನಿಜ. ಸೆಕೆಂಡಿಗೆ ಕೆಲವೇ ಸಾಲು ಬರೆಯುವ ಘಟಕದ ಮಷಿನ್‌ಗೆ ಅದು ಗೊತ್ತೂ ಆಗುವುದಿಲ್ಲ. ರೂಟರ್‌ಗೂ ಒಂದು ಸಣ್ಣ ಯುಪಿಎಸ್ ಹಾಕಿದರೆ ಈ ತಲೆನೋವು ಅರ್ಧ ಕಡಿಮೆ.

ಟಿಸಿಪಿ ಕೂಡ ಪೂರ್ತಿ ಭರವಸೆಯದ್ದಲ್ಲ. ಕರ್ನಲ್ ತನ್ನ ಬಫರ್‌ಗೆ ತೆಗೆದುಕೊಂಡ ಕೂಡಲೇ ಆರ್‌ಸಿಸ್‌ಲಾಗ್ ‘ಕಳಿಸಿಯಾಯಿತು’ ಎಂದುಕೊಳ್ಳುತ್ತದೆ. ಅಷ್ಟರಲ್ಲಿ ಸಂಪರ್ಕ ಕಡಿದರೆ ಆ ಕೆಲವು ಸಾಲು ಎಲ್ಲೂ ಸಿಗುವುದಿಲ್ಲ. ಒಂದು ಸಾಲೂ ಹೋಗಬಾರದು ಎನ್ನುವ ಕಡೆ ರೆಲ್ಪ್ ಎಂಬ ವಿಧಾನ ಬಳಸಿ: ಸರ್ವರ್‌ನಲ್ಲಿ ‘ಐಎಂರೆಲ್ಪ್’, ಕಳಿಸುವ ಕಡೆ ‘ಓಎಂರೆಲ್ಪ್’. ಇದರಲ್ಲಿ ಸರ್ವರ್ ಪ್ರತಿ ಸಾಲಿಗೂ ‘ಬಂತು’ ಎಂದು ಉತ್ತರಿಸುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಕಳಿಸುತ್ತದೆ. ಅಪರೂಪಕ್ಕೆ ಒಂದು ಸಾಲು ಎರಡು ಸಲ ಬರಬಹುದು, ಅದರಿಂದ ನಷ್ಟವಿಲ್ಲ.

ಫ್ರೀಬಿಎಸ್‌ಡಿ ಫೈರ್‌ವಾಲ್‌ನಲ್ಲಿ ಮೂಲದ ಸಿಸ್‌ಲಾಗ್‌ಡಿ ಇರುತ್ತದೆ. /ಇಟಿಸಿ/ಸಿಸ್‌ಲಾಗ್.ಕಾನ್ಫ್‌ನಲ್ಲಿ ಒಂದು @ ಹಾಕಿ ವಿಳಾಸ ಬರೆದರೆ ಯುಡಿಪಿಯಲ್ಲಿ ಕಳಿಸುತ್ತದೆ, ಹಾಗಾಗಿ ಸರ್ವರ್‌ನಲ್ಲಿ ‘ಐಎಂಯುಡಿಪಿ’ ಕೂಡ ಲೋಡ್ ಆಗಿರಬೇಕು. ಫೈರ್‌ವಾಲ್‌ನ ಸಿಸ್‌ಲಾಗ್‌ಡಿಗೆ ಫ್ಲ್ಯಾಗ್ (ಶುರುವಾಗುವಾಗ ಕೊಡುವ ಆಯ್ಕೆ) -s ಇದ್ದರೆ ಸರಿ, ಹೊರಗಿನಿಂದ ತೆಗೆದುಕೊಳ್ಳುವುದಿಲ್ಲ ಅಷ್ಟೇ. -ss ಇದ್ದರೆ ನೆಟ್‌ವರ್ಕ್ ಸಾಕೆಟ್ಟನ್ನೇ ತೆರೆಯುವುದಿಲ್ಲ, ಕಳಿಸುವುದೂ ಇಲ್ಲ. ಬ್ಯಾಂಕು, ಕಾರ್ಖಾನೆಗಳಲ್ಲಿ ಇನ್ನೂ ಉಳಿದಿರುವ ಸೋಲಾರಿಸ್ ಎಂಬ ಯುನಿಕ್ಸ್‌ನಲ್ಲಿ ಎಡಬಲ ಭಾಗಗಳ ನಡುವೆ ಟ್ಯಾಬ್ ಇರಬೇಕು, ಸ್ಪೇಸ್ ಹಾಕಿದರೆ ಆ ಸಾಲು ಕೆಲಸ ಮಾಡುವುದಿಲ್ಲ. ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ *.* ಬದಲು ನಕ್ಷತ್ರ, ಚುಕ್ಕೆ, ಡೀಬಗ್ ಎಂದು ಬರೆದು ‘ರಿಫ್ರೆಶ್ -s ಸಿಸ್‌ಲಾಗ್‌ಡಿ’ ಕೊಡಿ.

ಸಿಸ್‌ಲಾಗ್‌ಗೆ ಬರೆಯದೆ ತಮ್ಮದೇ ಟೆಕ್ಸ್ಟ್ ಫೈಲ್‌ಗೆ ಬರೆಯುವ ಅಪ್ಲಿಕೇಶನ್‌ಗಳಿಗೆ ‘ಐಎಂಫೈಲ್’ ಮಾಡ್ಯೂಲ್ ಇದೆ. ಫೈಲಿನ ದಾರಿ ಮತ್ತು ಒಂದು ಟ್ಯಾಗ್ ಕೊಟ್ಟರೆ ಸಾಕು.

ಪೀಣ್ಯದಿಂದ ಜಯನಗರದ ದಾರಿ

ಕಚೇರಿಯೊಳಗಿನ ಕೇಬಲ್‌ನಲ್ಲಿ ಹೋಗುವುದು ಬೇರೆ, ಇಂಟರ್ನೆಟ್ ಮೇಲೆ ಹೋಗುವುದು ಬೇರೆ. ಸಾದಾ ಸಿಸ್‌ಲಾಗ್‌ನಲ್ಲಿ ಎಲ್ಲವೂ ತೆರೆದ ಅಕ್ಷರಗಳಲ್ಲೇ ಹೋಗುತ್ತದೆ. ಗೂಢಲಿಪಿಗೊಳಿಸುವ ಟಿಎಲ್‌ಎಸ್ ಮೂಲಕ ಕಳಿಸಲು 6514 ಎಂಬ ಪೋರ್ಟ್ ನಿಗದಿಯಾಗಿದೆ, ಡೆಬಿಯನ್‌ನಲ್ಲಿ ‘ಆರ್‌ಸಿಸ್‌ಲಾಗ್-ಗ್ನುಟಿಎಲ್‌ಎಸ್’ ಪ್ಯಾಕೇಜ್ ಹಾಕಿ, ನಿಮ್ಮದೇ ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಮಾಡಿ, ಮಷಿನ್‌ಗೊಂದು ಸರ್ಟಿಫಿಕೇಟ್ ಕೊಡಬೇಕು. ಮಷಿನ್‌ಗಳು ಹೆಚ್ಚಿದ್ದು, ನೋಡಿಕೊಳ್ಳಲು ಜನ ಇದ್ದರೆ ಇದೇ ಸರಿಯಾದ ಕ್ರಮ. ಐದಾರು ಮಷಿನ್ ಇರುವ ಕಂಪನಿಗೆ ನಾನು ವೈರ್‌ಗಾರ್ಡ್ ಎಂಬ ವಿಪಿಎನ್ (ಎರಡು ಜಾಗಗಳ ನಡುವಿನ ಗುಪ್ತ ಸಂಪರ್ಕ) ಹೇಳುತ್ತೇನೆ. ಎರಡು ಕಡೆ ಒಂದೊಂದು ಕೀ, ಒಂದು ಸುರಂಗ. ಅದರೊಳಗೆ ಸಾದಾ ರೆಲ್ಪ್ ಓಡಲಿ. ಸರ್ಟಿಫಿಕೇಟ್ ಅವಧಿ ಮುಗಿದು ಒಂದು ಬೆಳಗ್ಗೆ ಎಲ್ಲ ಮಷಿನ್‌ಗಳೂ ಒಟ್ಟಿಗೇ ಮೌನವಾಗುವ ಭಯ ಇರುವುದಿಲ್ಲ.

ಬೀಳಿಸಿ ನೋಡಿ

ಕಳಿಸುವ ಮಷಿನ್‌ನಲ್ಲಿ ‘ಲಾಗರ್ ಪೀಣ್ಯ ಪರೀಕ್ಷೆ 1’ ಎಂದು ಕೊಡಿ (ಕೊಟ್ಟ ಪದಗಳನ್ನು ಲಾಗ್‌ಗೆ ಸೇರಿಸುವ ಆದೇಶ ಲಾಗರ್). ಸರ್ವರ್‌ನ ಫೈಲ್‌ನಲ್ಲಿ ಆ ಸಾಲು ಬರಬೇಕು. ಬಾರದಿದ್ದರೆ ಸರ್ವರ್‌ನಲ್ಲಿ ‘ಟಿಸಿಪಿಡಂಪ್ ಪೋರ್ಟ್ 514’ ಓಡಿಸಿ. ಪ್ಯಾಕೆಟ್ ಬರುತ್ತಿದ್ದರೆ ತಪ್ಪು ಸರ್ವರ್‌ನ ಕಾನ್ಫಿಗ್‌ನದು ಅಥವಾ ಅನುಮತಿಯದು. ಬರದಿದ್ದರೆ ಫೈರ್‌ವಾಲ್ ಅಥವಾ ಕಳಿಸುವ ಕಡೆಯದು.

ಇಷ್ಟಕ್ಕೇ ‘ಆಯಿತು’ ಎನ್ನಬೇಡಿ. ಸರ್ವರ್‌ನಲ್ಲಿ ಆರ್‌ಸಿಸ್‌ಲಾಗ್ ನಿಲ್ಲಿಸಿ. ಕಳಿಸುವ ಕಡೆ ಸಣ್ಣ ಲೂಪ್ ಹಾಕಿ 1ರಿಂದ 500ರವರೆಗೆ ನಂಬರ್ ಹಾಕಿದ ಸಾಲುಗಳನ್ನು ಲಾಗರ್‌ಗೆ ಕೊಡಿ. ಕಳಿಸುವ ಮಷಿನ್ನನ್ನು ಒಮ್ಮೆ ರೀಬೂಟ್ ಮಾಡಿ. ಆಮೇಲೆ ಸರ್ವರ್‌ನಲ್ಲಿ ಮತ್ತೆ ಶುರು ಮಾಡಿ. ಸಾಲುಗಳು ತಕ್ಷಣ ಬರುವುದಿಲ್ಲ. ಮರುಪ್ರಯತ್ನದ ಅಂತರ ಮೂಲದಲ್ಲಿ 30 ಸೆಕೆಂಡ್, ಸೋಲು ಹೆಚ್ಚಿದಷ್ಟೂ ಅದು ಉದ್ದವಾಗುತ್ತದೆ. ಬಂದ ಮೇಲೆ ನಂಬರ್ ಎಣಿಸಿ. ಸಾದಾ ಟಿಸಿಪಿಯಲ್ಲಿ ಮೊದಲ ಒಂದೆರಡು ಇಲ್ಲದಿರಬಹುದು, ಕಾರಣ ಮೇಲೆ ಹೇಳಿದ ಬಫರ್. ನೂರಾರು ಇಲ್ಲವಾದರೆ ಕ್ಯೂ ಕೆಲಸ ಮಾಡುತ್ತಿಲ್ಲ. /ವಾರ್/ಸ್ಪೂಲ್/ಆರ್‌ಸಿಸ್‌ಲಾಗ್ ಫೋಲ್ಡರ್ ಇದೆಯೇ, ಕ್ಯೂ ಫೈಲ್‌ಗಳ ಜಾಗ ಹೇಳುವ ವರ್ಕ್‌ಡೈರೆಕ್ಟರಿ ಸಾಲು ಕಾನ್ಫಿಗ್‌ನಲ್ಲಿ ಇದೆಯೇ ನೋಡಿ. ಸರ್ವರ್ ನಿಂತಿರುವಾಗ ಆ ಫೋಲ್ಡರ್ ಖಾಲಿ ಕಂಡರೆ ಗಾಬರಿ ಬೇಡ, ಲಿಂಕ್ಡ್‌ಲಿಸ್ಟ್ ಆದರೆ 500 ಸಾಲು ಮೆಮೊರಿಯಲ್ಲೇ ಇರುತ್ತವೆ.

ಜಾಗದ ಲೆಕ್ಕ

ಎಲ್ಲ ಮಷಿನ್ ಸೇರಿ ಸೆಕೆಂಡಿಗೆ 100 ಸಾಲು, ಸಾಲಿಗೆ 300 ಬೈಟ್ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 2.6 ಜಿಬಿ, 180 ದಿನಕ್ಕೆ 467 ಜಿಬಿ. ಲಾಗ್‌ಗಳಲ್ಲಿ ಅದೇ ಪದಗಳು ಮತ್ತೆ ಮತ್ತೆ ಬರುವುದರಿಂದ ಜಿಜಿಪ್‌ನಲ್ಲಿ ಚೆನ್ನಾಗಿ ಕುಗ್ಗುತ್ತವೆ. 1 ಟಿಬಿ ಡಿಸ್ಕ್ ಧಾರಾಳ. ದಿನಕ್ಕೊಂದು ಫೈಲ್ ಮಾಡಿದ್ದರಿಂದ ಹಳೆಯ ಲಾಗ್‌ಗಳನ್ನು ವಿಲೇವಾರಿ ಮಾಡುವ ಲಾಗ್‌ರೊಟೇಟ್ ಗೋಜಿಲ್ಲ: ರಾತ್ರಿ ಒಂದು ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ) ಕೆಲಸ ನಿನ್ನೆಗಿಂತ ಹಳೆಯ ಫೈಲ್‌ಗಳನ್ನು ಕುಗ್ಗಿಸಲಿ, ಇನ್ನೊಂದು ‘ಫೈಂಡ್’ ಆದೇಶದಿಂದ 190 ದಿನ ದಾಟಿದ್ದನ್ನು ಅಳಿಸಲಿ. ಆ ಹತ್ತು ದಿನ ಅಂಚಿಗೆ ಇಟ್ಟುಕೊಂಡದ್ದು. ರಿಮೋಟ್ ಫೋಲ್ಡರ್‌ಗೆ ಬೇರೆ ಪಾರ್ಟಿಶನ್ ಕೊಡಿ, ಲಾಗ್ ತುಂಬಿ ಸರ್ವರ್‌ನ ರೂಟ್ ಡಿಸ್ಕ್ ನಿಲ್ಲಬಾರದು.

ಬಾರದ ಲಾಗನ್ನು ಗಮನಿಸುವುದು

ಬಂದ ಲಾಗ್ ನೋಡುವುದಕ್ಕೆ ಹತ್ತಾರು ಉಪಕರಣಗಳಿವೆ. ಬಾರದಿರುವುದನ್ನು ನೋಡುವವರು ಕಡಿಮೆ. ಪೀಣ್ಯದ ಮಷಿನ್ ಮೂರು ವಾರದಿಂದ ಏನೂ ಕಳಿಸಿಲ್ಲ ಎಂದು ಗೊತ್ತಾಗುವುದು ಅದರ ಲಾಗ್ ಬೇಕಾದ ದಿನವೇ ಆದರೆ ಇಷ್ಟು ಮಾಡಿದ್ದೂ ವ್ಯರ್ಥ.

ಪ್ರತಿ ಮಷಿನ್‌ನ ಕ್ರಾನ್‌ನಲ್ಲಿ 10 ನಿಮಿಷಕ್ಕೊಮ್ಮೆ ‘ಲಾಗರ್ -t ಹಾಜರಿ ಇದ್ದೇನೆ’ ಎಂಬ ಆದೇಶ ಹಾಕಿ. ಲಿನಕ್ಸ್, ಫ್ರೀಬಿಎಸ್‌ಡಿ, ಎಐಎಕ್ಸ್ ಎಲ್ಲದರಲ್ಲೂ ಲಾಗರ್ ಇದೆ. ಲಾಗ್ ಸರ್ವರ್‌ನಲ್ಲಿ ಅರ್ಧ ಗಂಟೆಗೊಮ್ಮೆ ಓಡುವ ಸಣ್ಣ ಶೆಲ್ ಸ್ಕ್ರಿಪ್ಟ್ ಬರೆಯಿರಿ: ಗೋಡೆಗೆ ಅಂಟಿಸಿದ ಅದೇ ಐಪಿ ಪಟ್ಟಿಯನ್ನು ಒಂದು ಫೈಲ್‌ನಿಂದ ಓದಿ, ಪ್ರತಿಯೊಂದರ ಫೋಲ್ಡರ್‌ನಲ್ಲೂ ಕಳೆದ 30 ನಿಮಿಷದಲ್ಲಿ ಬದಲಾದ ಫೈಲ್ ಇದೆಯೇ ಎಂದು ‘ಫೈಂಡ್ -ಎಂಮಿನ್ -30’ ಮೂಲಕ ನೋಡಿ, ಇಲ್ಲದಿದ್ದರೆ ಮೇಲ್ ಕಳಿಸಲಿ. ಫೋಲ್ಡರ್‌ಗಳನ್ನು ಎಣಿಸಬೇಡಿ, ಪಟ್ಟಿಯಿಂದಲೇ ಶುರು ಮಾಡಿ. ಎಂದೂ ಏನೂ ಕಳಿಸದ ಮಷಿನ್‌ಗೆ ಫೋಲ್ಡರ್ ಹುಟ್ಟಿರುವುದೇ ಇಲ್ಲ.

ಮೇಲ್ ಬಂದಾಗ ಈ ಅನುಕ್ರಮದಲ್ಲಿ ನೋಡಿ: ಆ ಮಷಿನ್ ಪಿಂಗ್‌ಗೆ ಉತ್ತರಿಸುತ್ತಿದೆಯೇ, ವೈರ್‌ಗಾರ್ಡ್ ಸುರಂಗ ಎದ್ದಿದೆಯೇ, ಅಲ್ಲಿ ಆರ್‌ಸಿಸ್‌ಲಾಗ್ ಓಡುತ್ತಿದೆಯೇ, ಡಿಸ್ಕ್ ತುಂಬಿದೆಯೇ. ನಾಲ್ಕೂ ಸರಿ ಇದ್ದು ಲಾಗ್ ಮಾತ್ರ ಬರುತ್ತಿಲ್ಲ ಎಂದರೆ ಕಾನ್ಫಿಗ್ ಫೈಲ್ ಯಾವಾಗ ಬದಲಾಗಿದೆ, ಆ ಹೊತ್ತಿಗೆ ಯಾರು ಲಾಗಿನ್ ಆಗಿದ್ದರು ಎಂದು ಲಾಗ್ ಸರ್ವರ್‌ನಲ್ಲಿರುವ ಕೊನೆಯ ಸಾಲುಗಳಿಂದ ಹಿಂದಕ್ಕೆ ಓದುತ್ತಾ ಹೋಗಿ.